ಹತ್ತು ಗಿಗಾಹರ್ಟ್ಸ್ ಇಪ್ಪತ್ತಾದ ಮಧ್ಯಾಹ್ನ

ಜನ ಕೋವಿಡ್ ಮಾಸ್ಕನ್ನು ಜೇಬಿಗೆ ಸೇರಿಸಿ ಮತ್ತೆ ಮುಖ ತೋರಿಸಿಕೊಂಡು ಓಡಾಡಲು ಶುರುಮಾಡಿದ ವರ್ಷ ಅದು. ನಾನಾಗ ದೆಹಲಿಯ ಒಂದು ಕೇಂದ್ರ ಸರ್ಕಾರಿ ಪ್ರಯೋಗಾಲಯದಲ್ಲಿ ಫೋಟಾನಿಕ್ಸ್ ಗುಂಪಿನ ಮುಖ್ಯಸ್ಥೆ. ನಿವೃತ್ತಿ ಹತ್ತಿರದಲ್ಲೇ ಇತ್ತು. ಸರ್ವೀಸಿನ ಕೊನೆಯಲ್ಲಿ ಮನುಷ್ಯ ತಣ್ಣಗಾಗುತ್ತಾನೆ ಎಂದು ಹೇಳುತ್ತಾರೆ. ನನಗೆ ಹಾಗಾಗಲಿಲ್ಲ. ಈ ಪ್ರಸಂಗವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ, ಆದ್ದರಿಂದ ಓದುಗರು ನನ್ನಿಂದ ಸೌಮ್ಯವಾದ ಮಾತು ನಿರೀಕ್ಷಿಸಬಾರದು.

ಮೊದಲು ನಮ್ಮ ಕೆಲಸ ಏನೆಂದು ಹೇಳಿಬಿಡುತ್ತೇನೆ. ನಿಮ್ಮ ಫೋನಿನ ಮಾತು, ವಿಡಿಯೊ ಎಲ್ಲ ಗಾಜಿನ ಎಳೆಯೊಳಗೆ ಲೇಸರ್ ಬೆಳಕಾಗಿ ಹರಿಯುತ್ತವೆ. ಬೆಳಕಿನ ಮೇಲೆ ಸಂಕೇತವನ್ನು ಹೇರಬೇಕಾದರೆ ಬೆಳಕನ್ನು ಹೆಚ್ಚು ಕಡಿಮೆ ಮಾಡುತ್ತಿರಬೇಕು. ಇದೇ ಮಾಡ್ಯುಲೇಷನ್. ಸೆಕೆಂಡಿಗೆ ನೂರಾರು ಕೋಟಿ ಸಲ ಹೀಗೆ ಮಾಡಲು ಲೇಸರನ್ನೇ ಹಚ್ಚಿ ಆರಿಸುತ್ತ ಕೂತರೆ ಅದರ ಬಣ್ಣವೇ ಅಲ್ಲಾಡಿ ಸಂಕೇತ ಕೆಡುತ್ತದೆ. ಹಾಗಾಗಿ ಲೇಸರನ್ನು ಅದರ ಪಾಡಿಗೆ ಉರಿಯಲು ಬಿಟ್ಟು, ಹೊರಬಂದ ಬೆಳಕನ್ನು ಲಿಥಿಯಂ ನಯೋಬೇಟ್ ಎಂಬ ಹರಳಿನ ಚಿಪ್ಪಿನಲ್ಲಿ ಎರಡು ದಾರಿಗೆ ಒಡೆಯುತ್ತೇವೆ. ಒಂದು ದಾರಿಗೆ ವೋಲ್ಟೇಜ್ ಕೊಟ್ಟರೆ ಅಲ್ಲಿ ಬೆಳಕಿನ ಅಲೆ ಚೂರು ಹಿಂದೆ ಬೀಳುತ್ತದೆ. ಮುಂದೆ ಎರಡು ದಾರಿಗಳೂ ಕೂಡುತ್ತವೆ. ಅಲೆಯ ಏರಿಗೆ ಏರು ಸೇರಿದರೆ ಪೂರ್ತಿ ಬೆಳಕು, ಏರಿಗೆ ಇಳಿತ ಸೇರಿದರೆ ಕತ್ತಲೆ. ಶಾಲೆಯ ಪುಸ್ತಕದಲ್ಲಿ ವ್ಯತಿಕರಣ ಎಂದು ಓದಿದ್ದು ಇದನ್ನೇ. ವೋಲ್ಟೇಜ್ ಕುಣಿದ ಹಾಗೆ ಬೆಳಕು ಕುಣಿಯುತ್ತದೆ. ನಾವು ಮಾಡಿದ ಚಿಪ್ಪು ಹತ್ತು ಗಿಗಾಹರ್ಟ್ಸ್‌ವರೆಗೆ, ಅಂದರೆ ಸೆಕೆಂಡಿಗೆ ಸಾವಿರ ಕೋಟಿ ಸಲ, ಚೊಕ್ಕವಾಗಿ ಕುಣಿಸುತ್ತಿತ್ತು. ಜಗತ್ತಿನ ದಾಖಲೆಯೇನಲ್ಲ. ಆದರೆ ಹರಳನ್ನು ಕೊಯ್ದು, ನಯಮಾಡಿ, ದಾರಿ ಕೊರೆದು, ಎಳೆ ಅಂಟಿಸುವವರೆಗೆ ಎಲ್ಲವನ್ನೂ ನಮ್ಮ ಕೈಯಾರೆ ಮಾಡಿದ್ದೆವು.

ಇದರಲ್ಲಿ ಒಂದು ಸೂಕ್ಷ್ಮವಿದೆ. ಇಡೀ ಜಗಳ ನಿಂತಿರುವುದು ಅದರ ಮೇಲೆಯೇ. ಚಿಪ್ಪಿಗೆ ಸಂಕೇತದ ಜೊತೆಗೆ ಬಯಾಸ್ ಎಂಬ ಒಂದು ಸ್ಥಿರ ವೋಲ್ಟೇಜನ್ನೂ ಕೊಡುತ್ತೇವೆ. ಸಂಕೇತವಿಲ್ಲದಾಗ ಬೆಳಕು ಪೂರ್ತಿಯ ಅರ್ಧದಷ್ಟಿರುವ ಹಾಗೆ ಅದನ್ನು ನಿಲ್ಲಿಸುವುದು ಪದ್ಧತಿ. ಅರ್ಧವೇ ಯಾಕೆ? ಗುಡ್ಡದ ಇಳಿಜಾರಿನಲ್ಲಿ ನಿಂತವನು ಮುಂದೆ ಹೆಜ್ಜೆಯಿಟ್ಟರೆ ಏರುತ್ತಾನೆ, ಹಿಂದೆ ಇಟ್ಟರೆ ಇಳಿಯುತ್ತಾನೆ. ಸಂಕೇತ ಹೇಗೋ ಬೆಳಕೂ ಹಾಗೆ. ಅವನನ್ನೇ ನೆತ್ತಿಯ ಮೇಲೆ ನಿಲ್ಲಿಸಿದರೆ ಮುಂದೆ ಇಟ್ಟರೂ ಇಳಿಯುತ್ತಾನೆ, ಹಿಂದೆ ಇಟ್ಟರೂ ಇಳಿಯುತ್ತಾನೆ. ಸಂಕೇತ ಒಂದು ಸಲ ಹೋಗಿ ಬರುವಷ್ಟರಲ್ಲಿ ಬೆಳಕು ಎರಡು ಸಲ ಇಳಿದು ಏರಿರುತ್ತದೆ. ಹತ್ತು ಗಿಗಾಹರ್ಟ್ಸ್ ಕೊಟ್ಟರೆ ಇಪ್ಪತ್ತು ಹೊರಬರುತ್ತದೆ. ಅದು ಚಿಪ್ಪಿನ ವೇಗವಲ್ಲ, ಸಂಕೇತದ ಸೊಟ್ಟ ರೂಪ. ಕಳಿಸಿದ ಮಾತು ಆ ಕಡೆ ಮಾತಾಗಿ ತಲುಪುವುದಿಲ್ಲ.

ಮಾಪನದ ಹೊಣೆ ಸ್ಮಿತಾಳದು. ಗುತ್ತಿಗೆಯ ಮೇಲಿದ್ದ ಪ್ರಾಜೆಕ್ಟ್ ಎಂಜಿನಿಯರ್, ಹುಟ್ಟಿ ಬೆಳೆದದ್ದೆಲ್ಲ ದೆಹಲಿಯಲ್ಲೇ. ಅವಳ ಅಪ್ಪ ಐತಾಳರು ಕುಂದಾಪುರದ ಕಡೆಯವರು, ಮಯೂರ್ ವಿಹಾರದಲ್ಲಿ ನಾನಿರುವ ಹೌಸಿಂಗ್ ಸೊಸೈಟಿಗೆ ಹತ್ತಿರವೇ ದೋಸೆ ಹೋಟೆಲು ನಡೆಸುತ್ತಾರೆ. ಹುಡುಗಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಮಾತಾಡಲು ಹೊರಟರೆ ನಡುವೆ ಹಿಂದಿ ನುಗ್ಗುತ್ತದೆ. ಕೆಲಸದಲ್ಲಿ ಮಾತ್ರ ನಾನು ಕಂಡ ಅತ್ಯಂತ ಹಟಮಾರಿ. ಒಂದು ಅಂಕಿಯ ಮೇಲೆ ಅನುಮಾನ ಬಂದರೆ ಇಡೀ ಜೋಡಣೆ ಬಿಚ್ಚಿ ಮತ್ತೆ ಕಟ್ಟುವವಳು.

ನಮ್ಮೆಲ್ಲರ ಮೇಲೆ ವಿಭಾಗದ ಮುಖ್ಯಸ್ಥರಾಗಿ ವಾಸುದೇವಮೂರ್ತಿಗಳು. ಅವರೂ ಕನ್ನಡದವರೇ. ಕನ್ನಡ ಸಂಘದ ಯಾವ ಕಾರ್ಯಕ್ರಮವಾದರೂ ಮುಂದಿನ ಸಾಲಿನಲ್ಲಿ ಕಾಣಿಸುವವರು. ಅವರು ಓದಿದ್ದು ಲೋಹಶಾಸ್ತ್ರ, ಅದು ತಪ್ಪೇನಲ್ಲ. ಗೊತ್ತಿಲ್ಲದ್ದನ್ನು ಕೇಳಿ ತಿಳಿದುಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ, ತಪ್ಪು ಅದು.

ಮಂತ್ರಾಲಯದಿಂದ ಹಿರಿಯ ಅಧಿಕಾರಿಯೊಬ್ಬರು ಭೇಟಿಗೆ ಬರುವವರಿದ್ದರು. ಸರ್ಕಾರಿ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರಿಗೆ ಆ ಸಂಭ್ರಮ ಗೊತ್ತು. ಗೋಡೆಗೆ ಸುಣ್ಣ, ಕಾರಿಡಾರಿಗೆ ಬಾಡಿಗೆ ಹೂಕುಂಡ, ಕೆಟ್ಟ ಯಂತ್ರಕ್ಕೆ ಹೊಸ ಹೊದಿಕೆ. ಸಾಹೇಬರ ಕಣ್ಣಿಗೆ ಎಲ್ಲವೂ ಪೂರ್ತಿಯಾಗಿ ಕಾಣಬೇಕು, ಯಾವುದೂ ಕಡಿಮೆ ಕಾಣಬಾರದು. ಭೇಟಿಯ ಹಿಂದಿನ ದಿನ ಮಧ್ಯಾಹ್ನ ಮೂರ್ತಿಗಳು ತಪಾಸಣೆಗೆ ಬಂದರು. ಪವರ್ ಮೀಟರಿನ ಪರದೆ ನೋಡಿ ಹುಬ್ಬು ಗಂಟಿಕ್ಕಿದರು.

"ಏನ್ರೀ ಶಾರದಾ ಮೇಡಂ ಇದು? ಫಿಫ್ಟಿ ಪರ್ಸೆಂಟ್ ತೋರಿಸ್ತಿದೆ? ನಾಳೆ ಅಷ್ಟು ದೊಡ್ಡವರ ಮುಂದೆ ಅರ್ಧ ಬೆಳಕು ಇಡೋದಾ?"

"ಸರ್, ವೋ ಜಾನ್‌ಬೂಝ್‌ಕರ್ ರಖಾ ಹೈ. ಬೇಕಂತಲೇ ಇಟ್ಟಿದ್ದು, ಅಲ್ಲೇ ಇರಬೇಕು ಸರ್," ಎಂದಳು ಸ್ಮಿತಾ.

ಮಹಾನುಭಾವರು ಅವಳ ಮುಖವನ್ನೂ ನೋಡಲಿಲ್ಲ. ಕೈ ಚಾಚಿ ಬಯಾಸ್ ನಾಬನ್ನು ತಾವೇ ತಿರುಗಿಸಿದರು, ನನ್ನ ಕಣ್ಣೆದುರಿಗೇ. ಮೀಟರ್ ಪೂರ್ತಿಗೆ ಏರಿತು. ಬೆಳಕಿನ ಕುಣಿತದ ವೇಗ ತೋರಿಸುವ ಪಕ್ಕದ ಅನಲೈಸರಿನ ಪರದೆಯಲ್ಲಿ ಹತ್ತು ಗಿಗಾಹರ್ಟ್ಸ್‌ನ ಗೆರೆ ಕುಸಿದು, ಇಪ್ಪತ್ತರಲ್ಲಿ ಇನ್ನೊಂದು ಗೆರೆ ಎದ್ದಿತು.

"ಅರೆ! ಹತ್ತು ಇಪ್ಪತ್ತಾಯ್ತಲ್ರೀ! ಡಬಲ್! ನೀವುಗಳು ಇಷ್ಟು ದಿನ ಅರ್ಧಕ್ಕೇ ಓಡಿಸ್ತಿದ್ರಿ, ನೋಡಿ!"

ನಾನು ತಾಳ್ಮೆಯಿಂದಲೇ ಶುರುಮಾಡಿದೆ. ಗುಡ್ಡ, ನೆತ್ತಿ, ಇಳಿಜಾರು ಎಲ್ಲ ಹೇಳಿದೆ. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಅವರು ತಲೆಯಾಡಿಸಿದರು. ಕೇಳಿಸಿಕೊಂಡ ತಲೆಯಾಡಿಸುವಿಕೆಯಲ್ಲ ಅದು, ಮುಗಿಸಿ ಎನ್ನುವುದು. "ಅದೆಲ್ಲ ಟೆಕ್ನಿಕಲ್ ಮೇಡಂ. ರಿಸಲ್ಟ್ ಸ್ಕ್ರೀನ್ ಮೇಲೆ ಕಾಣ್ತಿದೆ, ಇನ್ನೇನು ಬೇಕು?"

ಮರುದಿನ ನಾವು ನಾಬನ್ನು ಸರಿಯಾದ ಜಾಗಕ್ಕೆ ತಂದಿಟ್ಟಿದ್ದೆವು. ಅಧಿಕಾರಿಗಳ ಎದುರಿಗೇ ಮೂರ್ತಿಗಳು ಮತ್ತೆ ತಿರುಗಿಸಿದರು. "ಸ್ವದೇಶಿ ತಂತ್ರಜ್ಞಾನ, ಸರ್. ಇಪ್ಪತ್ತು ಗಿಗಾಹರ್ಟ್ಸ್." ಚಪ್ಪಾಳೆ ಬಿತ್ತು. ನಾನು ಮುಂದೆ ಬಂದು, "ಸರ್, ಒಂದು ತಿದ್ದುಪಡಿ" ಎನ್ನುವಷ್ಟರಲ್ಲಿ ನನ್ನ ಮಾತಿನ ಮೇಲೆಯೇ ಹತ್ತಿದರು: "ನಮ್ಮ ಮೇಡಂ ಬಹಳ ಮಾಡೆಸ್ಟ್ ಸರ್, ಯಾವತ್ತೂ ಕಡಿಮೆ ಮಾಡಿಯೇ ಹೇಳೋದು." ಎಲ್ಲರೂ ನಕ್ಕರು. ನಗುತ್ತ ಮುಂದಿನ ಕೋಣೆಗೆ ಹೋದರು. ನನ್ನ ಬಾಯಿಗೆ ಬೆಣ್ಣೆ ಮೆತ್ತಿ ಮುಚ್ಚಿದ ಹಾಗಾಯಿತು. ಆ ಸಂಜೆ ಮೆಟ್ರೋದಲ್ಲಿ ನಿಂತುಕೊಂಡೇ ಬಂದೆ, ಹಲ್ಲು ಕಡಿದು ಕಡಿದು ದವಡೆ ನೋಯುತ್ತಿತ್ತು.

ಇಪ್ಪತ್ತು ಎಂಬ ಅಂಕಿ ಪ್ರಯೋಗಾಲಯದ ವೆಬ್‌ಸೈಟಿಗೆ ಏರಿತು, ಮೂರ್ತಿಗಳ ಭಾಷಣಕ್ಕೆ ಏರಿತು. ಚಿಪ್ಪನ್ನು ತೆಗೆದುಕೊಳ್ಳಬೇಕಿದ್ದ ಉಪಗ್ರಹ ಕೇಂದ್ರದವರು ಆಂಟೆನಾದ ಸಂಕೇತವನ್ನು ಅದರ ಮೂಲಕ ಹಾಯಿಸುವವರಿದ್ದರು. ಈ ಬಯಾಸಿನಲ್ಲಿ ಕೊಟ್ಟರೆ ಅವರ ಕೈಗೆ ಸಿಗುವುದು ಬರೀ ಗದ್ದಲ. ಪರಿಶೀಲನಾ ಸಮಿತಿಗೆ ಹೋಗುವ ವರದಿಯಲ್ಲಿ ಇಪ್ಪತ್ತೆಂದು ಬರೆ ಎಂದು ಸ್ಮಿತಾಳಿಗೆ ಆಜ್ಞೆಯಾಯಿತು. ಅವಳು ಬರೆಯಲಿಲ್ಲ. "ನಾನು ಅಳೆದಿದ್ದು ಹತ್ತು ಸರ್," ಎಂದಳಂತೆ, ಅಷ್ಟೇ. ಗುತ್ತಿಗೆ ವಿಸ್ತರಣೆಯ ಕಡತ ಅದೇ ಮೂರ್ತಿಗಳ ಮೇಜಿನ ಮೇಲಿತ್ತು. ಅದು ಗೊತ್ತಿದ್ದೂ ಹೇಳಿದಳು.

ಸಮಿತಿಯ ಮುಂದೆ ಗ್ರಾಫು ಹಿಡಿದು ವಾದಿಸಿದರೆ ಮತ್ತೆ 'ಟೆಕ್ನಿಕಲ್' ಎಂದು ತಳ್ಳಿಹಾಕುತ್ತಾರೆಂದು ನನಗೆ ಖಾತ್ರಿಯಿತ್ತು. ನಾನೂ ಸ್ಮಿತಾಳೂ ಕೂಡಿ ಬೇರೆ ಏರ್ಪಾಡು ಮಾಡಿದೆವು. ಅದೇ ಚಿಪ್ಪಿಗೆ ಒಂದು ಮೈಕು, ಎಳೆಯ ಆ ತುದಿಗೆ ಒಂದು ಸ್ಪೀಕರು. ಗಿಗಾಹರ್ಟ್ಸ್ ಕಿವಿಗೆ ಕೇಳಿಸದು. ಆದರೆ ಬಯಾಸ್ ತಪ್ಪಿದರೆ ಆಗುವ ಕೇಡು ಮಾತಿನ ವೇಗದಲ್ಲೂ ಹಾಗೆಯೇ ಆಗುತ್ತದೆ.

ಸಮಿತಿ ಕೂತಿತು. ಅಧ್ಯಕ್ಷರು ಹೊರಗಿನ ಸಂಸ್ಥೆಯ ಹಿರಿಯ ಪ್ರೊಫೆಸರು. ನಾನು ಮೈಕನ್ನು ನೇರ ಮೂರ್ತಿಗಳ ಕೈಗೇ ಕೊಟ್ಟೆ. "ಸರ್, ತಾವೇ ನಾಲ್ಕು ಮಾತು ಆಡಿ." ಭಾಷಣ ಎಂದರೆ ಅವರಿಗೆ ಹಬ್ಬ. ಬಯಾಸ್ ಅರ್ಧದಲ್ಲಿತ್ತು. "ಮಾನ್ಯ ಸಮಿತಿಗೆ ಸ್ವಾಗತ" ಎಂದು ಅವರು ಇಂಗ್ಲಿಷಿನಲ್ಲಿ ಅಂದದ್ದು ಬೆಳಕಾಗಿ ಹೋಗಿ, ಆ ತುದಿಯಲ್ಲಿ ಅವರದೇ ಗಂಟಲಾಗಿ ಹೊರಬಂತು. "ಈಗ ತಮ್ಮ ಇಪ್ಪತ್ತು ಗಿಗಾಹರ್ಟ್ಸ್‌ನ ಸೆಟ್ಟಿಂಗ್," ಎಂದು ನಾಬನ್ನು ಪೂರ್ತಿಗೆ ತಿರುಗಿಸಿದೆ. ಅವರು ಮಾತಾಡುತ್ತಲೇ ಇದ್ದರು. ಸ್ಪೀಕರಿನಲ್ಲಿ ಬೆಳಗ್ಗೆ ಯಾರೋ ಬಾಯಿ ಮುಕ್ಕಳಿಸುವಂಥ ಸದ್ದು. ಒಂದು ಪದವೂ ಗುರುತು ಸಿಗಲಿಲ್ಲ. ಪ್ರೊಫೆಸರು ಜೋರಾಗಿ ನಕ್ಕುಬಿಟ್ಟರು. "ಮೇಡಂ, ಅರ್ಥವಾಯಿತು. ಹತ್ತು ಎಂದೇ ಬರೆಯಿರಿ."

ಗೆದ್ದೆವು ಅಂದುಕೊಂಡೆ. ಸ್ಮಿತಾ ನನ್ನ ಕೈ ಹಿಡಿದು ಹಿಸುಕಿದಳು.

ಸಭೆಯ ನಡವಳಿ ಬರೆಯುವುದು ವಿಭಾಗದ ಕಚೇರಿ. ನಡವಳಿ ಬಂತು. ಅದರಲ್ಲಿದ್ದದ್ದು ಇಷ್ಟು: ಮಾಪನದಲ್ಲಿ ನುಸುಳಿದ್ದ ದೋಷವನ್ನು ವಿಭಾಗದ ಮುಖ್ಯಸ್ಥರ ಮಾರ್ಗದರ್ಶನದಲ್ಲಿ ಸರಿಪಡಿಸಲಾಗಿದೆ. ಎರಡು ಸಲ ಓದಿದೆ. ಮಾಪನ ಅಂದರೆ ಯಾರು? ಸ್ಮಿತಾ. ದೋಷ ಮಾಡಿದ ಕೈ ಮಾರ್ಗದರ್ಶನದ ಕೈಯಾಗಿತ್ತು. ಅಳೆಯಬೇಕಾದಂತೆ ಅಳೆದ ಹುಡುಗಿಯ ತಲೆ ಮೇಲೆ ಗೂಬೆ ಕೂರಿಸಿದ್ದರು. ಮುಂದಿನ ವಾರ ಅವಳ ಗುತ್ತಿಗೆ ವಿಸ್ತರಣೆ ತಿರಸ್ಕೃತವಾಯಿತು, ಕಾರಣ ಅದೇ ನಡವಳಿ.

ನಾನು ಮೂರ್ತಿಗಳ ಕೋಣೆಗೆ ನುಗ್ಗಿದೆ. ಬಾಗಿಲು ತಟ್ಟುವ ಶಿಷ್ಟಾಚಾರವೆಲ್ಲ ಮರೆತುಹೋಗಿತ್ತು.

"ನಾಚಿಕೆ ಆಗಲ್ವೇನ್ರೀ ನಿಮಗೆ?"

"ಕೂತ್ಕೊಳ್ಳಿ ಮೇಡಂ, ಬಿಪಿ ಜಾಸ್ತಿಯಾಗುತ್ತೆ. ಯಾರ ಹೆಸರೂ ಬರೆದಿಲ್ಲವಲ್ಲ ಅದರಲ್ಲಿ? ನಾವು ನಾವೇ ಕನ್ನಡದವರು, ಇದನ್ನ ದೊಡ್ಡದು ಮಾಡಬೇಡಿ."

"ಅವಳೂ ಕನ್ನಡದವಳೇ ಕಣ್ರೀ!"

ನಿರ್ದೇಶಕರ ತನಕ ಹೋದೆ. ಲಿಖಿತ ಆಕ್ಷೇಪಣೆ ಕೊಟ್ಟೆ. 'ಗಮನಿಸಲಾಗಿದೆ' ಎಂದು ಒಂದು ಮುದ್ರೆ ಬಿತ್ತು. ನಿರ್ದೇಶಕರು ಚಹಾ ಕುಡಿಸಿ, "ಅಂಕಿ ಸರಿಹೋಯಿತಲ್ಲ ಮೇಡಂ, ಪ್ರಯೋಗಾಲಯದ ಮಾನ ಉಳಿಯಿತು, ಇನ್ನು ಬಿಡಿ," ಎಂದರು. ಪ್ರಯೋಗಾಲಯದ ಮಾನವಂತೆ! ಆ ಹುಡುಗಿಗೆ ಮಾನವಿಲ್ಲವೇ?

ಸ್ಮಿತಾ ಅತ್ತಿದ್ದನ್ನು ನಾನು ನೋಡಲಿಲ್ಲ. ಗುರುತಿನ ಚೀಟಿ ಹಿಂದಿರುಗಿಸಿ, "ಚಲೋ ಮೇಡಂ, ಫಿರ್ ಮಿಲ್ತೇ ಹೈಂ," ಎಂದು ಬೀಳ್ಕೊಂಡು ಹೋದಳು. ನಾನು ಸುಮ್ಮನೆ ಕೂರದೆ ಗೊತ್ತಿದ್ದವರಿಗೆಲ್ಲ ಫೋನು ಮಾಡಿದೆ. ಓಖ್ಲಾದಲ್ಲಿ ಆಪ್ಟಿಕಲ್ ಉಪಕರಣ ತಯಾರಿಸುವ ಒಂದು ಕಂಪನಿಯವರು ಅವಳನ್ನು ಪರೀಕ್ಷಾ ವಿಭಾಗಕ್ಕೆ ಕರೆದರು. ಅವಳ ಕೈಗೆ ಹೇಳಿ ಮಾಡಿಸಿದ ಕೆಲಸ. ಆದರೆ ಕೆಲವು ದಿನ ಬಿಟ್ಟು ಆ ಕಂಪನಿಯವರೇ ನನಗೆ ಫೋನು ಮಾಡಿ, ನಿಮ್ಮ ಹುಡುಗಿ ಬೇಡ ಅಂದುಬಿಟ್ಟಳಲ್ಲ ಎಂದರು. ನಾನು ಅವಳಿಗೆ ಫೋನು ಮಾಡಿದರೆ ಎತ್ತಲಿಲ್ಲ.

ಹೋಟೆಲಿಗೇ ಹೋದೆ. ಕ್ಯಾಶ್ ಕೌಂಟರಿನ ಹಿಂದೆ ಸ್ಮಿತಾ ಕೂತಿದ್ದಳು. ನನ್ನನ್ನು ಕಂಡು ಎದ್ದಳು, ಮತ್ತೆ ಕೂತಳು.

"ಯಾಕಮ್ಮ ಬೇಡ ಅಂದೆ?"

"ಅಪ್ಪ ನೇ ಮನಾ ಕರ್ ದಿಯಾ, ಮೇಡಂ. ಬೇಡ ಅಂದ್ರು." ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದಳು. "ಮೂರ್ತಿ ಸರ್ ಪ್ರತಿ ಶನಿವಾರ ಇಲ್ಲಿ ತಿಂಡಿಗೆ ಬರ್ತಾರೆ. ಅಪ್ಪನಿಗೆ ಹೇಳಿದಾರೆ, ನಿಮ್ಮ ಮಗಳು ಅಳತೆಯಲ್ಲಿ ದೊಡ್ಡ ಗಲ್ತಿ ಮಾಡಿದ್ಲು, ಕೇಸ್ ಆಗೋದಿತ್ತು, ನಾನೇ ಸಂಭಾಳಿಸಿದೆ ಅಂತ. ಅಪ್ಪ ಅವರಿಗೆ ಕೈ ಮುಗಿತಾರೆ, ಮೇಡಂ. ತಾವೇ ಬಡಿಸ್ತಾರೆ. ಇನ್ನು ಆ ಲೈನ್ ಬೇಡ, ಕೌಂಟರ್ ನೋಡ್ಕೋ ಅಂದ್ರು."

"ನೀನು ಹೇಳಲಿಲ್ವಾ?"

"ಹೇಳಿದೆ. ಅಷ್ಟು ದೊಡ್ಡ ಸಾಹೇಬರು ಸುಳ್ಳು ಹೇಳ್ತಾರಾ, ಅಂದ್ರು."

ಆ ಕ್ಷಣದಲ್ಲಿ ನನಗೆ ಬಂದ ಸಿಟ್ಟನ್ನು ಬರೆಯಲು ಬರುವುದಿಲ್ಲ. ಕೆಲಸ ಕಿತ್ತುಕೊಂಡದ್ದು ಸಾಲದೆಂದು ಆ ಪುಣ್ಯಾತ್ಮ ಅವಳ ಮನೆಗೇ ಬಂದು, ಅವಳ ಅಪ್ಪನ ಕೈಯಲ್ಲೇ ಬಡಿಸಿಕೊಂಡು ತಿನ್ನುತ್ತಿದ್ದ. ನಾನು ಅವರನ್ನು ಏಕವಚನದಲ್ಲಿ ಬರೆದದ್ದು ಇದೊಂದೇ ವಾಕ್ಯದಲ್ಲಿ. ಕ್ಷಮೆ ಕೇಳುವುದಿಲ್ಲ.

ಶನಿವಾರ ಬೆಳಗ್ಗೆ ಹೋದೆ. ಹೋಟೆಲು ತುಂಬಿತ್ತು, ಅರ್ಧದಷ್ಟು ನಮ್ಮ ಕನ್ನಡದ ಮಂದಿಯೇ. ಮೂರ್ತಿಗಳು ಮೂಲೆಯ ಟೇಬಲಿನಲ್ಲಿ ನೀರುದೋಸೆ ತಿನ್ನುತ್ತಿದ್ದರು, ಐತಾಳರು ಪಕ್ಕದಲ್ಲಿ ಚಟ್ನಿಯ ಬಟ್ಟಲು ಹಿಡಿದು ನಿಂತಿದ್ದರು. ನಾನು ಎದುರಿನ ಕುರ್ಚಿ ಎಳೆದು ಕೂತೆ.

"ಬನ್ನಿ ಬನ್ನಿ ಮೇಡಂ," ಎಂದರು ಐತಾಳರು, "ಎಂತ ಕೊಡ್ಲಿ?"

"ಏನೂ ಬೇಡ ಐತಾಳರೇ. ನೀವು ಇಲ್ಲೇ ನಿಂತಿರಿ, ಅಷ್ಟು ಸಾಕು. ಮೂರ್ತಿಗಳೇ, ಒಂದೇ ಪ್ರಶ್ನೆ. ಆ ಮಧ್ಯಾಹ್ನ ನಾಬ್ ತಿರುಗಿಸಿದ ಕೈ ಯಾರದು?"

ಮೂರ್ತಿಗಳ ಬಾಯಲ್ಲಿ ತುತ್ತಿತ್ತು. "ಮೇಡಂ, ಆಫೀಸ್ ವಿಷಯ ಇಲ್ಲಿ ಯಾಕೆ..."

"ಇಲ್ಲಿಗೆ ತಂದಿದ್ದು ನೀವು. ಹೇಳಿ, ಯಾರ ಕೈ?"

"ನಿಧಾನ ಮೇಡಂ. ಎಲ್ಲಾ ನೋಡ್ತಿದಾರೆ."

"ನೋಡ್ಲಿ! ಈ ಹುಡುಗಿ ಬೇಡ ಸರ್ ಅಂದ್ಲು. ಅಂದ ಮೇಲೂ ತಿರುಗಿಸಿದ್ದು ಯಾರು? ನಾನು ಆಗಿರಬೇಕು, ಇವಳು ಆಗಿರಬೇಕು, ನೀವು ಆಗಿರಬೇಕು. ಕೋಣೆಯಲ್ಲಿ ಇದ್ದದ್ದು ಮೂರೇ ಜನ."

ಪಕ್ಕದ ಟೇಬಲಿನವರು ನಮ್ಮ ಕಡೆ ಕುರ್ಚಿ ತಿರುಗಿಸಿಕೊಂಡರು. ಅಡುಗೆಯ ಹುಡುಗರು ಬಾಗಿಲಿಗೆ ಬಂದು ನಿಂತರು. ಮೂರ್ತಿಗಳು ನೀರು ಕುಡಿದರು, ಕರವಸ್ತ್ರ ತೆಗೆದರು, ನಗಲು ನೋಡಿದರು.

"ಹೌದು, ನಾನೇ ಸ್ವಲ್ಪ ಅಡ್ಜಸ್ಟ್ ಮಾಡಿರಬಹುದು. ಅದರಲ್ಲೇನಿದೆ? ನಡವಳಿಯಲ್ಲಿ ಏನಾದರೂ ಬರೆಯಲೇಬೇಕಲ್ಲ. ನಾನು ಆ ಕುರ್ಚಿಯಲ್ಲಿದ್ದು ನನ್ನ ಮೇಲೇ ಬರ್ಕೊಳ್ಳೋಕೆ ಆಗುತ್ತಾ? ಗುತ್ತಿಗೆಯವಳು, ಚಿಕ್ಕ ವಯಸ್ಸು, ಇನ್ನೊಂದು ಕಡೆ ಸಿಗುತ್ತೆ ಅಂತ..."

ಮಾತು ಅಲ್ಲಿಗೇ ನಿಂತಿತು, ಯಾಕೆಂದರೆ ಅವರು ಐತಾಳರ ಮುಖ ನೋಡಿದ್ದರು. ನಾನೂ ನೋಡಿದೆ. ಐತಾಳರು ಜೋರು ಮಾತಿನ ಮನುಷ್ಯರಲ್ಲ. ಚಟ್ನಿಯ ಬಟ್ಟಲನ್ನು ಟೇಬಲಿನ ಮೇಲಿಡದೆ ಹಾಗೇ ಒಳಗೆ ತೆಗೆದುಕೊಂಡು ಹೋದರು. ಕೈ ತೊಳೆದು ಬಂದರು. ಮೂರ್ತಿಗಳ ಕಡೆ ತಿರುಗಲೂ ಇಲ್ಲ. ಸೀದಾ ಕೌಂಟರಿಗೆ ಹೋಗಿ ಮಗಳ ಮುಂದೆ ನಿಂತರು.

"ಏಳು ಮಗಾ."

ಸ್ಮಿತಾ ಅವರನ್ನೇ ನೋಡುತ್ತ ಕೂತಿದ್ದಳು.

"ಏಳು ಅಂದೆ. ಇದು ನನ್ನ ಕುರ್ಚಿ, ನಾನು ಕೂತ್ಕೊಳ್ತೇನೆ. ಅವತ್ತು ನೀ ಹೇಳಿದ್ದು ನಾನು ಕೇಳ್ಬೇಕಿತ್ತು. ತಪ್ಪಾಯ್ತು. ಆ ಓಖ್ಲಾದ ಕೆಲಸ ಇನ್ನೂ ಉಂಟಾ ಕೇಳು."

ಅವಳು ಅತ್ತದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ. ನಿಂತುಕೊಂಡೇ, ಅಪ್ಪನ ಹೆಗಲಿಗೆ ಹಣೆ ಒತ್ತಿ ಅತ್ತಳು. ಮೂರ್ತಿಗಳು ಯಾವಾಗ ಎದ್ದು ಹೋದರೋ ಯಾರೂ ಗಮನಿಸಲಿಲ್ಲ.

ನಾನು ಅಲ್ಲಿಂದಲೇ ಕಂಪನಿಗೆ ಫೋನು ಮಾಡಿದೆ. ಆ ಜಾಗ ತುಂಬಿಹೋಗಿತ್ತು. ಹೌದು, ತುಂಬಿಹೋಗಿತ್ತು! ದೊಡ್ಡ ಮನುಷ್ಯರೊಬ್ಬರಿಗೆ ತಮ್ಮ ತಪ್ಪನ್ನು ತಮ್ಮದೆನ್ನಲು ಆಗದ್ದಕ್ಕೆ ಅವಳು ಮತ್ತಷ್ಟು ತಿಂಗಳು ಅರ್ಜಿ ಹಾಕುತ್ತ ತಿರುಗಿದಳು. ಈಗ ಗುರುಗ್ರಾಮದಲ್ಲಿ ಕೆಲಸದಲ್ಲಿದ್ದಾಳೆ, ಅದೇ ವಿಷಯ, ಅದೇ ಹಟ. ನಮ್ಮ ಚಿಪ್ಪು ಉಪಗ್ರಹ ಕೇಂದ್ರಕ್ಕೆ ಹತ್ತು ಗಿಗಾಹರ್ಟ್ಸ್ ಎಂದೇ ಹೋಯಿತು, ಚೆನ್ನಾಗಿಯೂ ನಡೆಯುತ್ತಿದೆ. ನಡವಳಿ ಇವತ್ತಿಗೂ ತಿದ್ದುಪಡಿಯಾಗಿಲ್ಲ. ನಿವೃತ್ತಿಯ ದಿನ ಮೂರ್ತಿಗಳಿಗೆ ಹಾರ ಹಾಕಿ, ಶಾಲು ಹೊದಿಸಿ ಬೀಳ್ಕೊಟ್ಟರು. ನಾನು ಆ ಸಮಾರಂಭಕ್ಕೆ ಹೋಗಲಿಲ್ಲ.

ಅಳತೆ ಸರಿಯಾಗಿ, ವರದಿಯಲ್ಲಿ ಸರಿಯಾದ ಅಂಕಿ ಬಿದ್ದರೆ ವಿಜ್ಞಾನಿಯ ಕೆಲಸ ಮುಗಿಯಿತೆಂದು ಇಡೀ ಸರ್ವೀಸು ನಂಬಿಕೊಂಡಿದ್ದೆ. ಮುಗಿಯುವುದಿಲ್ಲ. ಅಂಕಿಯನ್ನು ತಿದ್ದಿಸಿದ ದಿನ ನಾವು ಗೆದ್ದೆವೆಂದು ನಾನು ಹಿಗ್ಗುತ್ತಿರುವಾಗ ಸುಳ್ಳು ಮೆಟ್ಟಿಲಿಳಿದು, ಯಮುನೆ ದಾಟಿ, ಒಬ್ಬ ತಂದೆಯ ಕಿವಿಗೆ ಹೋಗಿ ಕೂತಿತ್ತು. ಸುಳ್ಳು ಎಲ್ಲಿಯವರೆಗೆ ಹೋಗಿದೆಯೋ ಅಲ್ಲಿಯವರೆಗೂ ನಾವು ನಡೆದುಹೋಗಬೇಕು, ಹೋಗಿ ಜೋರಾಗಿ ಹೇಳಬೇಕು. ಅಲ್ಲಿ ಜನ ತಿಂಡಿ ತಿನ್ನುತ್ತಿದ್ದರೂ ಸರಿಯೇ.